ಸಿಮ್ಸ್ ಸ್ಪೆಕ್ಯುಲಂ ಪಾಠದಲ್ಲಿ ಸೇರಬೇಕಾದ ಮೂರು ಹೆಸರುಗಳು: ವೈದ್ಯಕೀಯ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ ಹಾಗೂ ರಾಜ್ಯದ ವೈದ್ಯಕೀಯ ಕಾಲೇಜುಗಳ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗಗಳ ಅಧ್ಯಾಪಕರಿಗೆ,

ಮಾನ್ಯರೇ,

ನಿಮ್ಮ ಕಾಲೇಜುಗಳಲ್ಲಿ ಪ್ರತಿ ವರ್ಷ ಸಾವಿರಾರು ವಿದ್ಯಾರ್ಥಿಗಳು, ಯೋನಿಯ ಒಳಭಾಗವನ್ನು ಪರೀಕ್ಷಿಸಲು ಬಳಸುವ ಸಿಮ್ಸ್ ಸ್ಪೆಕ್ಯುಲಂ ಎಂಬ ಉಪಕರಣವನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿಯುತ್ತಾರೆ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ ಪರೀಕ್ಷಿಸುವ ಭಂಗಿಗೂ ಅವರು ಕಲಿಯುವುದು ಸಿಮ್ಸ್ ಎಂಬ ಅಮೆರಿಕದ ವೈದ್ಯನ ಹೆಸರನ್ನೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೇಜಿನ ಮೇಲೆ ಉಪಕರಣಗಳನ್ನಿಟ್ಟು ಗುರುತಿಸಲು ಹೇಳಿದಾಗ ಆ ಹೆಸರನ್ನು ಸರಿಯಾಗಿ ಹೇಳಿದವರಿಗೆ ಅಂಕ ಸಿಗುತ್ತದೆ. ಆ ಉಪಕರಣ ಯಾರ ದೇಹದ ಮೇಲೆ ರೂಪುಗೊಂಡಿತೋ ಆ ಗುಲಾಮ ಹೆಣ್ಣುಮಕ್ಕಳಾದ ಅನಾರ್ಕಾ, ಲೂಸಿ ಮತ್ತು ಬೆಟ್ಸಿಯ ಹೆಸರುಗಳನ್ನು ಅದೇ ಪಾಠದಲ್ಲಿ ಹೇಳಬೇಕೆಂದು, ಅಮೆರಿಕದ ಕಲಾವಿದೆ ಮಿಶೆಲ್ ಬ್ರೌಡರ್ ಅವರು ಈ ಮೂವರಿಗಾಗಿ ನಿಲ್ಲಿಸಿರುವ ಲೋಹಶಿಲ್ಪದ ಚಿತ್ರವನ್ನು ಅದೇ ತರಗತಿಯಲ್ಲಿ ತೋರಿಸಬೇಕೆಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ವೈದ್ಯಳಲ್ಲ, ಚಿತ್ರಕಲೆಯನ್ನು ಕಲಿಸುವವಳು. ನಿಮ್ಮ ವಿಷಯದ ಬಗ್ಗೆ ನಿಮಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಚಿತ್ರ ನೋಡುವವರಿಗೆ ಏನನ್ನು ನಂಬಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ಕಲಿಸುವುದೇ ನನ್ನ ವೃತ್ತಿಯಾದ್ದರಿಂದ, ಈ ವಿಚಾರದಲ್ಲಿ ಮಾತನಾಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಸಿಮ್ಸ್‌ನ ಕಥೆಯನ್ನು ಜಗತ್ತು ಬಹುಕಾಲ ತಿಳಿದುಕೊಂಡದ್ದು ಒಂದು ವರ್ಣಚಿತ್ರ ಮತ್ತು ಕೆಲವು ಪ್ರತಿಮೆಗಳ ಮೂಲಕ. ಅವು ಮಾಡಿದ ಅನ್ಯಾಯವನ್ನು ಕಲೆಯೇ ಎದುರಿಸಿದ ಬಗೆಯನ್ನು ನಿಮ್ಮ ಗಮನಕ್ಕೆ ತರಬೇಕಾಗಿದೆ.

ಜೇಮ್ಸ್ ಮೇರಿಯನ್ ಸಿಮ್ಸ್ 1813ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿ, ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ವೃತ್ತಿ ನಡೆಸಿದ ವೈದ್ಯ. ದಿನಗಟ್ಟಲೆ ಹೆರಿಗೆಯಾಗದೆ ಮಗುವಿನ ತಲೆ ಸಿಕ್ಕಿಕೊಂಡಾಗ ಮೂತ್ರಕೋಶ ಮತ್ತು ಯೋನಿಯ ನಡುವಿನ ಅಂಗಾಂಶಕ್ಕೆ ರಕ್ತ ಹರಿಯದೆ ಅದು ಸತ್ತು, ಅಲ್ಲಿ ರಂಧ್ರವಾಗಿ, ಮೂತ್ರ ಹಗಲಿರುಳೂ ಸೋರುವ ಸ್ಥಿತಿಯನ್ನು ನೀವು ಫಿಸ್ಟುಲಾ ಎಂದು ಕರೆಯುತ್ತೀರಿ. ಆ ಕಾಲದಲ್ಲಿ ಅದಕ್ಕೆ ನೆಚ್ಚಬಹುದಾದ ಚಿಕಿತ್ಸೆ ಇರಲಿಲ್ಲ. 1845ರಿಂದ 1849ರವರೆಗೆ ಸಿಮ್ಸ್ ತನ್ನ ಮನೆಯ ಹಿತ್ತಲಿನ ಪುಟ್ಟ ಆಸ್ಪತ್ರೆಯಲ್ಲಿ, ಸುತ್ತಲಿನ ಮಾಲೀಕರಿಂದ ಪಡೆದುಕೊಂಡ ಗುಲಾಮ ಹೆಣ್ಣುಮಕ್ಕಳ ಮೇಲೆ ಈ ರಂಧ್ರವನ್ನು ಹೊಲಿಯುವ ಪ್ರಯೋಗಗಳನ್ನು ನಡೆಸಿದ. ಅವರಲ್ಲಿ ಆತ ತನ್ನ ಬರಹದಲ್ಲಿ ಹೆಸರಿಸಿದ್ದು ಮೂವರನ್ನು ಮಾತ್ರ.

ಅನಾರ್ಕಾಗೆ ಆಗ ಸುಮಾರು 17 ವರ್ಷ. ಮೂರು ದಿನ ಹೆರಿಗೆ ನೋವು ತಿಂದ ಮೇಲೆ ಸಿಮ್ಸ್‌ನನ್ನು ಕರೆಸಲಾಗಿತ್ತು. ಸಿಮ್ಸ್ ಚಮಚವೊಂದರ ಹಿಡಿಯನ್ನು ಬಗ್ಗಿಸಿ ಬೆಟ್ಸಿಯನ್ನು ಪರೀಕ್ಷಿಸಿದ. ಇಂದಿನ ಸಿಮ್ಸ್ ಸ್ಪೆಕ್ಯುಲಂಗೆ ಆ ಬಗ್ಗಿದ ಚಮಚವೇ ಮೂಲ. ಮೊದಲ ಶಸ್ತ್ರಚಿಕಿತ್ಸೆಗೆ ಒಳಗಾದವಳು 18 ವರ್ಷದ ಲೂಸಿ. ಅರಿವಳಿಕೆ ಇರಲಿಲ್ಲ. ನೆರೆದಿದ್ದ ಹನ್ನೆರಡು ಮಂದಿ ವೈದ್ಯರ ಎದುರಿಗೆ ಮೊಣಕಾಲು ಮತ್ತು ಕೈಗಳ ಮೇಲೆ ಬಾಗಿಸಿ ಆಕೆಯನ್ನು ಕೊಯ್ಯಲಾಯಿತು. ಮೂತ್ರ ಹೀರಿಕೊಳ್ಳಲೆಂದು ಒಳಗೆ ಇಟ್ಟ ಸ್ಪಂಜಿನಿಂದ ಸೋಂಕು ಹರಡಿ, ಆಕೆ ಸತ್ತೇಹೋಗುತ್ತಾಳೆಂದುಕೊಂಡಿದ್ದೆ ಎಂದು ಸಿಮ್ಸ್ ತಾನೇ ಬರೆದುಕೊಂಡಿದ್ದಾನೆ. ಚೇತರಿಸಿಕೊಳ್ಳಲು ಆಕೆಗೆ ತಿಂಗಳುಗಳೇ ಹಿಡಿದವು. ಅನಾರ್ಕಾ ಒಬ್ಬಳ ಮೇಲೆಯೇ 30 ಬಾರಿ ಶಸ್ತ್ರಚಿಕಿತ್ಸೆ ನಡೆಯಿತು. 1849ರಲ್ಲಿ, ರೇಷ್ಮೆ ದಾರದ ಬದಲು ಬೆಳ್ಳಿ ತಂತಿ ಬಳಸಿದಾಗ, ಆಕೆಯ ಗಾಯ ಮುಚ್ಚಿಕೊಂಡಿತು. ಜೊತೆಗಿದ್ದ ವೈದ್ಯರು ಬೇಸತ್ತು ಬಿಟ್ಟುಹೋದ ಮೇಲೆ ಒಬ್ಬರ ಶಸ್ತ್ರಚಿಕಿತ್ಸೆಗೆ ಇನ್ನೊಬ್ಬರು ಸಹಾಯಕರಾಗಿ ನಿಂತವರು ಈ ಹೆಣ್ಣುಮಕ್ಕಳೇ. ನನ್ನ ಮಟ್ಟಿಗೆ ಅವರು ರೋಗಿಗಳಷ್ಟೇ ಅಲ್ಲ, ಆ ಶಾಸ್ತ್ರದ ಮೊದಲ ದಾದಿಯರೂ ಹೌದು. ಸಿಮ್ಸ್ 1852ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿ, ಮರುವರ್ಷ ನ್ಯೂಯಾರ್ಕಿಗೆ ಹೋಗಿ, 1855ರಲ್ಲಿ ಅಲ್ಲಿ ಮಹಿಳೆಯರ ಆಸ್ಪತ್ರೆಯನ್ನು ಸ್ಥಾಪಿಸಿದ. 1876ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಅಧ್ಯಕ್ಷನಾದ.

ಆತನ ಪರವಾಗಿ ವಾದಿಸುವವರಿದ್ದಾರೆ, ಅವರ ಮಾತನ್ನೂ ಇಲ್ಲಿ ಹೇಳಬೇಕು. ಈಥರ್ ಅರಿವಳಿಕೆಯನ್ನು ಬಾಸ್ಟನ್ನಿನಲ್ಲಿ ಸಾರ್ವಜನಿಕವಾಗಿ ಮೊದಲು ತೋರಿಸಿದ್ದು 1846ರ ಅಕ್ಟೋಬರಿನಲ್ಲಿ, ಪ್ರಯೋಗಗಳು ಆರಂಭವಾದ ಮೇಲೆ, ರೋಗ ಘೋರವಾಗಿತ್ತು, ವಾಸಿಯಾಗಬೇಕೆಂಬ ಆಸೆ ಆ ಹೆಣ್ಣುಮಕ್ಕಳಿಗೂ ಇದ್ದಿರಬಹುದು ಎನ್ನುತ್ತಾರೆ. ಇದ್ದಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿಮ್ಸ್ ಒಪ್ಪಂದ ಮಾಡಿಕೊಂಡದ್ದು ಅವರನ್ನು ಆಸ್ತಿಯಾಗಿ ಹೊಂದಿದ್ದ ಮಾಲೀಕರ ಜೊತೆಗೆ. ಬೇಡ ಎನ್ನುವ ಹಕ್ಕು ಇಲ್ಲದವರು ಹೇಳಿದ 'ಆಗಲಿ' ಎಂಬ ಮಾತಿಗೆ ಸಮ್ಮತಿಯ ಬೆಲೆಯನ್ನು ಕೊಡುವುದು ಹೇಗೆ? ಮಾಲೀಕರ ಕಾಳಜಿಗೂ ಕಾರಣವಿತ್ತು. ಅಮೆರಿಕಕ್ಕೆ ಹೊರಗಿನಿಂದ ಗುಲಾಮರನ್ನು ತರುವುದನ್ನು 1808ರಲ್ಲಿ ಕಾನೂನು ನಿಷೇಧಿಸಿತ್ತು; ಗುಲಾಮ ತಾಯಿಗೆ ಹುಟ್ಟಿದ ಮಗು ಗುಲಾಮವೇ ಎಂಬ ಕಾನೂನು 1662ರಷ್ಟು ಹಿಂದೆಯೇ ವರ್ಜೀನಿಯಾದಲ್ಲಿ ಜಾರಿಗೆ ಬಂದಿತ್ತು. ಹೀಗಾಗಿ ಹೆರುವ ಶಕ್ತಿಯುಳ್ಳ ಹೆಣ್ಣುಮಗಳೆಂದರೆ ಮಾಲೀಕನಿಗೆ ಬೆಳೆಯುವ ಬಂಡವಾಳ. ಸ್ತ್ರೀರೋಗ ಶಾಸ್ತ್ರ ಅಮೆರಿಕದಲ್ಲಿ ಬೇರೂರಿದ ನೆಲ ಇಂಥದ್ದು.

ಇನ್ನು ಚಿತ್ರದ ವಿಷಯ. 1950ರ ದಶಕದಲ್ಲಿ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿ ವೈದ್ಯಶಾಸ್ತ್ರದ ಮಹಾನ್ ಕ್ಷಣಗಳನ್ನು ಸಾರುವ ಚಿತ್ರಮಾಲೆಯೊಂದನ್ನು ರಾಬರ್ಟ್ ಥಾಮ್ ಎಂಬ ಚಿತ್ರಕಾರನಿಂದ ಬರೆಯಿಸಿತು. ಅದರಲ್ಲಿ ಸಿಮ್ಸ್‌ನದೂ ಒಂದು. ಅಚ್ಚುಕಟ್ಟಾಗಿ ಉಡುಪು ಧರಿಸಿದ ಬಿಳಿಯ ವೈದ್ಯರು ನಿಂತಿದ್ದಾರೆ. ಮೈತುಂಬ ಬಟ್ಟೆ ತೊಟ್ಟ ಕಪ್ಪು ತರುಣಿಯೊಬ್ಬಳು ಮೇಜಿನ ಮೇಲೆ ಮಂಡಿಯೂರಿದ್ದಾಳೆ. ಹಿಂದೆ ಕಟ್ಟಿದ ಬಟ್ಟೆಯ ಮರೆಯಿಂದ ಇನ್ನಿಬ್ಬರು ಇಣುಕುತ್ತಿದ್ದಾರೆ. ರಕ್ತವಿಲ್ಲ, ಹಿಡಿದು ಅದುಮಿದ ಕೈಗಳಿಲ್ಲ, ಚೀರುವ ಬಾಯಿಲ್ಲ. ಈ ಚಿತ್ರಗಳ ಮುದ್ರಿತ ಪ್ರತಿಗಳು ವೈದ್ಯರ ಕೊಠಡಿಗಳ ಗೋಡೆಗಳನ್ನೇರಿದವು. ಸಂಯೋಜನೆಯ ದೃಷ್ಟಿಯಿಂದ ಅದು ಕುಶಲ ಚಿತ್ರ: ನೋಡುವವನ ಕಣ್ಣು ಮೊದಲು ಹೋಗುವುದು ಸಿಮ್ಸ್‌ನ ಕಡೆಗೆ, ಆಮೇಲೆ ಆತ ಏನನ್ನೋ ಯೋಚಿಸುತ್ತಿರುವ ಗಾಂಭೀರ್ಯದ ಕಡೆಗೆ, ಕೊನೆಗೆ ಹೆಣ್ಣಿನ ಕಡೆಗೆ. ಆ ಹೊತ್ತಿಗೆ ಆಕೆ ಚಿಕಿತ್ಸೆಗಾಗಿ ತಾನೇ ಬಂದು ಕಾದು ಕುಳಿತ ರೋಗಿಯಾಗಿಬಿಟ್ಟಿರುತ್ತಾಳೆ. ಹೀಗೆ ಆ ಚಿತ್ರ ಒಂದೇ ಒಂದು ಸುಳ್ಳು ವಾಕ್ಯವನ್ನೂ ಬರೆಯದೆ ನೋವನ್ನು ಅಳಿಸಿಹಾಕುತ್ತದೆ.

ಬಿಳಿಯರಿಗಿಂತ ಕಪ್ಪು ಜನರಿಗೆ ನೋವು ಕಡಿಮೆ ಎಂಬ ನಂಬಿಕೆ ಗುಲಾಮಗಿರಿಯ ಜೊತೆಗೆ ಸಾಯಲಿಲ್ಲ. 2016ರಲ್ಲಿ ಪ್ರಕಟವಾದ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪು ಜನರ ಚರ್ಮ ಹೆಚ್ಚು ದಪ್ಪ ಎಂಬಂಥ ಒಂದಾದರೂ ತಪ್ಪು ನಂಬಿಕೆಯನ್ನು ಒಪ್ಪಿದ್ದರು; ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದು ಅಂದಾಜು ಮಾಡುತ್ತಿದ್ದರು. ಅಮೆರಿಕದಲ್ಲಿ 2023ರಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ ಬಿಳಿಯ ತಾಯಂದಿರ ಸಾವು 14.5 ಇದ್ದರೆ ಕಪ್ಪು ತಾಯಂದಿರ ಸಾವು 50.3. ಸಿಸೇರಿಯನ್ ಆದ ತಾಯಿಗೆ ಮುಂದಿನ ಹೆರಿಗೆ ಸಹಜವಾಗಿ ಆಗಬಹುದೇ ಎಂದು ಲೆಕ್ಕ ಹಾಕಲು ಅಲ್ಲಿನ ವೈದ್ಯರು ಬಳಸುತ್ತಿದ್ದ ಸೂತ್ರದಲ್ಲಿ, ರೋಗಿ ಕಪ್ಪು ಜನಾಂಗದವಳಾದರೆ ಸಾಧ್ಯತೆ ತಾನಾಗಿ ತಗ್ಗುವಂತೆ ಜನಾಂಗವನ್ನೇ ಒಂದು ಅಂಶವಾಗಿ ಸೇರಿಸಲಾಗಿತ್ತು. ಅದನ್ನು ತೆಗೆದುಹಾಕಿದ್ದು 2021ರಲ್ಲಿ. ಇವೆಲ್ಲಕ್ಕೂ ಒಂದು ವರ್ಣಚಿತ್ರವೇ ಕಾರಣ ಎನ್ನುವಷ್ಟು ಅವಿವೇಕ ನನಗಿಲ್ಲ. ಆದರೆ ವೈದ್ಯರ ಕಣ್ಣನ್ನು ಪಳಗಿಸುವುದು ಪಠ್ಯವೊಂದೇ ಅಲ್ಲ, ಗೋಡೆಯ ಮೇಲಿನ ಚಿತ್ರವೂ ಪಳಗಿಸುತ್ತದೆ ಎಂಬುದನ್ನು ನೀವು ಒಪ್ಪುವಿರೆಂದು ನಂಬಿದ್ದೇನೆ.

ನ್ಯೂಯಾರ್ಕಿನಲ್ಲಿ ಸಿಮ್ಸ್‌ನ ಕಂಚಿನ ಪ್ರತಿಮೆ 1894ರಲ್ಲಿ ಬ್ರಯಂಟ್ ಉದ್ಯಾನದಲ್ಲಿ ನೆಲೆಗೊಂಡು, 1934ರಲ್ಲಿ ಸೆಂಟ್ರಲ್ ಪಾರ್ಕಿನ ಅಂಚಿಗೆ, ವೈದ್ಯಕೀಯ ಅಕಾಡೆಮಿಯ ಎದುರಿಗೆ ಸ್ಥಳಾಂತರಗೊಂಡಿತು. ಆಚೆಗಿರುವ ಈಸ್ಟ್ ಹಾರ್ಲೆಮ್‌ನಲ್ಲಿ ವಾಸಿಸುವವರು ಬಹುಪಾಲು ಕಪ್ಪು ಮತ್ತು ಲ್ಯಾಟಿನ್ ಅಮೆರಿಕದ ಮೂಲದವರು. ದಿನವೂ ಅದರ ಮುಂದೆ ಓಡಾಡುತ್ತಿದ್ದ ಅವರು ಅದನ್ನು ತೆಗೆಯಿರಿ ಎಂದು ವರ್ಷಗಳ ಕಾಲ ಕೇಳಿದರು. 2017ರ ಆಗಸ್ಟಿನಲ್ಲಿ ಕಪ್ಪು ತರುಣಿಯರು ಆಸ್ಪತ್ರೆಯ ನಿಲುವಂಗಿ ತೊಟ್ಟು, ಕೆಳಹೊಟ್ಟೆಯ ಭಾಗಕ್ಕೆ ಕೆಂಪು ಬಣ್ಣ ಬಳಿದುಕೊಂಡು ಆ ಪ್ರತಿಮೆಯ ಮುಂದೆ ಸಾಲಾಗಿ ನಿಂತರು. ಮನವಿಪತ್ರಗಳು ವರ್ಷಗಳಿಂದ ಹೇಳಿದ್ದನ್ನೇ ಆ ದೃಶ್ಯವೂ ಹೇಳಿತು, ಆದರೆ ಆ ಛಾಯಾಚಿತ್ರವನ್ನು ಕಂಡವರು ಕಂಡಿಲ್ಲವೆನ್ನಲಾಗಲಿಲ್ಲ. 2018ರ ಏಪ್ರಿಲ್ 16ರಂದು ನಗರದ ವಿನ್ಯಾಸ ಆಯೋಗ ಸರ್ವಾನುಮತದಿಂದ ನಿರ್ಣಯಿಸಿ, ಮರುದಿನವೇ ಪ್ರತಿಮೆಯನ್ನು ಇಳಿಸಲಾಯಿತು. ಅದರ ಜಾಗಕ್ಕೆ ಯಾವ ಕೃತಿ ಬರಬೇಕೆಂಬುದರಲ್ಲೂ ಜನ ಸುಮ್ಮನಿರಲಿಲ್ಲ: ತಜ್ಞರ ಸಮಿತಿ ಸಿಮೋನ್ ಲೇ ಎಂಬ ಹೆಸರಾಂತ ಶಿಲ್ಪಿಯ ವಿನ್ಯಾಸವನ್ನು ಆರಿಸಿದಾಗ ಸ್ಥಳೀಯರು ತಮ್ಮ ಆಯ್ಕೆ ಬೇರೆಯೆಂದು ಪ್ರತಿಭಟಿಸಿದರು, ಸಿಮೋನ್ ಲೇ ಗೌರವದಿಂದ ಹಿಂದೆ ಸರಿದರು, 2019ರಲ್ಲಿ ವಿನ್ನಿ ಬ್ಯಾಗ್ವೆಲ್ ಅವರ ವಿನ್ಯಾಸ ಆಯ್ಕೆಯಾಯಿತು. ನೊಂದ ಸಮುದಾಯದ ನೆನಪನ್ನು ಹೇಗೆ ರೂಪಿಸಬೇಕೆಂದು ಆ ಸಮುದಾಯವೇ ತೀರ್ಮಾನಿಸಬೇಕೆಂಬ ಈ ಹಟ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಅದೇ 2017ರಲ್ಲಿ ಡೊರೀನ್ ಗಾರ್ನರ್ ಎಂಬ ಕಲಾವಿದೆ ಬ್ರೂಕ್ಲಿನ್‌ನಲ್ಲಿ ಸಿಮ್ಸ್ ಪ್ರತಿಮೆಯ ಅಚ್ಚನ್ನು ಸಿಲಿಕೋನಿನಲ್ಲಿ ತೆಗೆದು, ಕಪ್ಪು ಮಹಿಳೆಯರು ಆ 'ದೇಹ'ದ ಮೇಲೆ ಶಸ್ತ್ರಚಿಕಿತ್ಸೆ ನಡೆಸುವ ಪ್ರದರ್ಶನವನ್ನು ಏರ್ಪಡಿಸಿದ್ದರು. ನೋಡಲು ಬಹಳ ಕಠೋರವಾದ ಕೃತಿ ಅದು, ಅದರ ಕೋಪ ನ್ಯಾಯವಾದದ್ದು. ಆದರೂ ಅಲ್ಲಿಯೂ ನಡುಮಧ್ಯೆ ಇರುವವನು ಸಿಮ್ಸ್.

ಮಿಶೆಲ್ ಬ್ರೌಡರ್ ಅವರ ಶಿಲ್ಪ ಬೇರೆಯಾಗುವುದು ಇಲ್ಲಿಯೇ. ಮಾಂಟ್‌ಗೊಮರಿಯಲ್ಲಿ ವಾಸಿಸುವ ಬ್ರೌಡರ್ ಥಾಮ್‌ನ ಚಿತ್ರವನ್ನು ಮೊದಲು ನೋಡಿದ್ದು ಕಲಾ ವಿದ್ಯಾರ್ಥಿನಿಯಾಗಿದ್ದಾಗ, 1990ರ ದಶಕದಲ್ಲಿ. ಅದು ಅವರ ಮನಸ್ಸಿನಲ್ಲಿ ದಶಕಗಳ ಕಾಲ ಉಳಿಯಿತು. 2021ರ ಸೆಪ್ಟೆಂಬರಿನಲ್ಲಿ ಅವರು ಅದೇ ಊರಿನಲ್ಲಿ 'ಸ್ತ್ರೀರೋಗ ಶಾಸ್ತ್ರದ ತಾಯಂದಿರು' ಎಂಬ ಹೆಸರಿನ ಶಿಲ್ಪಸಮೂಹವನ್ನು ಅನಾವರಣಗೊಳಿಸಿದರು. ಮೂವರೂ ನಿಂತಿದ್ದಾರೆ. ಎಲ್ಲರಿಗಿಂತ ಎತ್ತರದ ಅನಾರ್ಕಾ ಸುಮಾರು 15 ಅಡಿ. ಜನ ಬಿಸಾಡಿದ ಲೋಹದ ವಸ್ತುಗಳನ್ನು ಕೂಡಿಸಿ ಬೆಸುಗೆ ಹಾಕಿ ಇವರನ್ನು ಕಟ್ಟಲಾಗಿದೆ, ಏಕೆಂದರೆ ಕಪ್ಪು ಮಹಿಳೆಯರನ್ನು ಬಳಸಿ ಬಿಸಾಡಿದ ಬಗೆಯನ್ನು ಆ ವಸ್ತುವೇ ಹೇಳಬೇಕೆಂಬುದು ಕಲಾವಿದೆಯ ಆಶಯ. ಅನಾರ್ಕಾಳ ಒಡಲು ಖಾಲಿ. ಆಕೆಯ ಗರ್ಭಕೋಶ ಪಕ್ಕದಲ್ಲಿ ಬೇರೆಯಾಗಿ ಇದೆ, ಅದರ ತುಂಬ ಗಾಜಿನ ಚೂರುಗಳು, ಸೂಜಿಗಳು, ಕತ್ತರಿಗಳು, ವೈದ್ಯಕೀಯ ಉಪಕರಣಗಳು. ನಿಮ್ಮ ಕೈಗೆ ಪರಿಚಿತವಾದ ಸಲಕರಣೆಗಳು ಅಲ್ಲಿ, ಅವು ಹೊಕ್ಕವರ ಕಡೆಯಿಂದ ನೋಡಿದಾಗ ಹೇಗೆ ಕಾಣುತ್ತವೆಯೋ ಹಾಗೆ ಕಾಣುತ್ತವೆ. ಸಿಮ್ಸ್ ಎಲ್ಲಿಯೂ ಇಲ್ಲ. ಆತನನ್ನು ಬೈಯುವುದಕ್ಕೂ ಆ ಶಿಲ್ಪ ಜಾಗ ಕೊಟ್ಟಿಲ್ಲ.

ಈ ಮೂವರ ಒಂದೂ ಭಾವಚಿತ್ರ ನಮಗೆ ಉಳಿದಿಲ್ಲ, ಅವರೇ ಹೇಳಿದ ಒಂದು ಮಾತೂ ಇಲ್ಲ. ಅವರ ಬಗ್ಗೆ ನಮಗೆ ತಿಳಿದಿರುವುದೆಲ್ಲ ಮುಖ್ಯವಾಗಿ ಅವರನ್ನು ಕೊಯ್ದವನ ಲೇಖನಿಯಿಂದ ಬಂದದ್ದು. ಇತಿಹಾಸಕಾರರು ದಾಖಲೆಯಿಲ್ಲದ ಕಡೆ ನಿಲ್ಲಬೇಕಾಗುತ್ತದೆ. ಕಲಾವಿದೆ ಮುಂದೆ ಹೋಗಿ ಮುಖ ಕೊಡಬಲ್ಲಳು, ಎತ್ತರ ಕೊಡಬಲ್ಲಳು, ಕೂದಲಿನ ಹೆಣಿಗೆ ಕೊಡಬಲ್ಲಳು. ಹಾಗೆ ಕೊಡುವಾಗ ಇದು ನನ್ನ ಕಲ್ಪನೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಥಾಮ್ ಕೂಡ ಕಲ್ಪಿಸಿಯೇ ಬರೆದ, ಆದರೆ ನಡೆದದ್ದು ಹೀಗೆಯೇ ಎಂಬಂತೆ ಬರೆದ. ಒಂದನ್ನು ಇತಿಹಾಸವೆಂದು ತರಗತಿಯಲ್ಲಿ ತೋರಿಸಿ, ಇನ್ನೊಂದನ್ನು ಕೇವಲ ಕಲೆಯೆಂದು ಹೊರಗಿಡುವುದು ಸರಿಯಲ್ಲವೆಂಬ ನನ್ನ ವಾದಕ್ಕೆ ಇದೇ ಆಧಾರ.

ಬ್ರೌಡರ್ ಅವರ ಕೆಲಸ ಶಿಲ್ಪಕ್ಕೆ ನಿಂತಿಲ್ಲ. ಸಿಮ್ಸ್ ಪ್ರಯೋಗ ನಡೆಸಿದ ಜಾಗದಲ್ಲಿದ್ದ ಕಟ್ಟಡವನ್ನು ಅವರು ಖರೀದಿಸಿ, ಅಲ್ಲಿ ವಸ್ತುಸಂಗ್ರಹಾಲಯವನ್ನೂ ಮಹಿಳೆಯರಿಗೆ ಆರೈಕೆ ನೀಡುವ ಚಿಕಿತ್ಸಾಲಯವನ್ನೂ ತೆರೆಯುವ ಯೋಜನೆ ಕೈಗೊಂಡಿದ್ದಾರೆ. ವೈದ್ಯರು, ಸೂಲಗಿತ್ತಿಯರು, ವಿದ್ಯಾರ್ಥಿಗಳು ಒಟ್ಟಾಗಿ ಕೂತು ಮಾತನಾಡುವ ಸಮಾವೇಶಗಳನ್ನೂ ಆ ಊರಿನಲ್ಲಿ ನಡೆಸಿದ್ದಾರೆ. ಇಷ್ಟೆಲ್ಲ ಆದರೂ, ಶಿಲ್ಪದಿಂದ ಸುಮಾರು ಒಂದು ಮೈಲಿ ದೂರದಲ್ಲಿ, ಅಲಬಾಮಾದ ಶಾಸನಸಭೆಯ ಆವರಣದಲ್ಲಿ, 1939ರಲ್ಲಿ ಸ್ಥಾಪಿಸಿದ ಸಿಮ್ಸ್‌ನ ಪ್ರತಿಮೆ ಉಳಿದುಕೊಂಡಿದೆ. 40 ವರ್ಷ ಮೀರಿದ ಸ್ಮಾರಕಗಳನ್ನು ಸಾರ್ವಜನಿಕ ಜಾಗದಿಂದ ತೆಗೆಯದಂತೆ ಆ ರಾಜ್ಯ 2017ರಲ್ಲಿ ಕಾನೂನು ಮಾಡಿದೆ. ಕಾನೂನು ಕಾಪಾಡುತ್ತಿರುವ ಪ್ರತಿಮೆಗೆ ಉತ್ತರವಾಗಿ ಒಬ್ಬ ಕಲಾವಿದೆ ತನ್ನದೇ ನೆಲದಲ್ಲಿ, ಗುಜರಿ ಕಬ್ಬಿಣದಿಂದ, ಇನ್ನೂ ಎತ್ತರದ ಮೂವರನ್ನು ನಿಲ್ಲಿಸಬೇಕಾಯಿತು.

ಮಾಂಟ್‌ಗೊಮರಿಯ ಇನ್ನೊಂದು ಘಟನೆಯನ್ನೂ ನಿಮ್ಮ ವಿದ್ಯಾರ್ಥಿಗಳು ತಿಳಿಯಬೇಕು. 1973ರಲ್ಲಿ ಅದೇ ಊರಿನಲ್ಲಿ, ಕೇಂದ್ರ ಸರ್ಕಾರದ ಹಣದಿಂದ ನಡೆಯುತ್ತಿದ್ದ ಕುಟುಂಬ ಯೋಜನಾ ಕೇಂದ್ರವೊಂದರ ಮೂಲಕ, ರೆಲ್ಫ್ ಎಂಬ ಬಡ ಕಪ್ಪು ಕುಟುಂಬದ 14 ಮತ್ತು 12 ವರ್ಷದ ಇಬ್ಬರು ಸಹೋದರಿಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಓದು ಬರಹ ಬಾರದ ತಾಯಿ, ಮಕ್ಕಳಿಗೆ ಚುಚ್ಚುಮದ್ದು ಕೊಡುತ್ತಾರೆಂದು ನಂಬಿ, ಕಾಗದದ ಮೇಲೆ ಸಹಿಯ ಬದಲು 'X' ಗುರುತು ಹಾಕಿದ್ದರು. ಆ ಕುಟುಂಬ ನ್ಯಾಯಾಲಯಕ್ಕೆ ಹೋದದ್ದರಿಂದಲೇ ಬಡವರ ಸಂತಾನಹರಣ ಚಿಕಿತ್ಸೆಗೆ ಆ ಮೊದಲೇ ಲಿಖಿತ, ತಿಳಿದು ಕೊಟ್ಟ ಸಮ್ಮತಿ ಬೇಕೆಂಬ ಕಟ್ಟುನಿಟ್ಟಿನ ನಿಯಮಗಳು ಅಲ್ಲಿ ಬಂದವು. ಸಿಮ್ಸ್‌ನ ಹಿತ್ತಲಿಗೂ ಈ ಕೇಂದ್ರಕ್ಕೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರ. ಊರು ಒಂದೇ, ಮತ್ತು ಯಾರ ಒಪ್ಪಿಗೆಯನ್ನು ಕೇಳಬೇಕಾಗಿಲ್ಲ ಎಂಬ ಲೆಕ್ಕಾಚಾರವೂ ಒಂದೇ. ಹೆಬ್ಬೆಟ್ಟು ಒತ್ತಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿದ ಶಿಬಿರಗಳನ್ನು ಕಂಡ ನಮ್ಮ ದೇಶದ ವೈದ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2016ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಅಂಥ ಶಿಬಿರಗಳನ್ನು ನಿಲ್ಲಿಸುವಂತೆ ಆದೇಶಿಸಿತು.

ಅಮೆರಿಕದ ಜನಾಂಗಭೇದ ನಮ್ಮ ಪಾಠಕ್ಕೆ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಉಪಕರಣವನ್ನು ತೆಗೆದುಕೊಂಡಿದ್ದೇವೆ, ಹೆಸರನ್ನು ತೆಗೆದುಕೊಂಡಿದ್ದೇವೆ, ಅದರ ಚರಿತ್ರೆಯನ್ನು ಮಾತ್ರ ಬೇಡವೆನ್ನುವುದು ಹೇಗೆ ಎಂಬುದು ನನ್ನ ಉತ್ತರ. ಅಷ್ಟೇ ಅಲ್ಲ, ಕರ್ನಾಟಕದಲ್ಲಿ ಓದಿದ ಎಷ್ಟೋ ವೈದ್ಯರು ಅಮೆರಿಕದ ಹೆರಿಗೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ, ಇನ್ನೂ ಹಲವರು ಹೋಗಲಿದ್ದಾರೆ. ಅಲ್ಲಿ ಒಬ್ಬ ಕಪ್ಪು ತಾಯಿ ತನಗೆ ಉಸಿರಾಟ ಕಷ್ಟವಾಗುತ್ತಿದೆ ಎಂದಾಗ, ನೋವು ತಡೆಯಲಾಗುತ್ತಿಲ್ಲ ಎಂದಾಗ, ಅದನ್ನು ನಂಬುವ ಅಥವಾ ನಂಬದೇ ಇರುವ ವೈದ್ಯರಲ್ಲಿ ನಿಮ್ಮ ಶಿಷ್ಯರೂ ಇರುತ್ತಾರೆ. ಇಲ್ಲಿಯೇ ಉಳಿಯುವವರ ಮುಂದೆಯೂ, ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳ ಗುಂಪಿನ ನಡುವೆ ಪರೀಕ್ಷೆಗೆ ಒಳಗಾಗುವವರು ಬಹುಮಟ್ಟಿಗೆ ಬಡ ಹೆಣ್ಣುಮಕ್ಕಳೇ. ಅವರು ತಮ್ಮ ದೇಹದ ಮೂಲಕ ಕಲಿಸುತ್ತಾರೆ, ಅವರ ಅನುಮತಿಯನ್ನು ಪ್ರತಿ ಬಾರಿಯೂ ಕೇಳುವ ಅಭ್ಯಾಸ ಎಲ್ಲ ಕಡೆ ಒಂದೇ ರೀತಿ ಇಲ್ಲವೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದ್ದರಿಂದ ನನ್ನ ಕೋರಿಕೆಗಳು ಇವು. ರಾಷ್ಟ್ರಮಟ್ಟದ ವೈದ್ಯಕೀಯ ಪಠ್ಯಕ್ರಮದಲ್ಲಿ 2019ರಿಂದ ವರ್ತನೆ, ನೈತಿಕತೆ ಮತ್ತು ಸಂವಹನಕ್ಕಾಗಿ ಪ್ರತ್ಯೇಕ ಅವಧಿಗಳಿವೆ. ಸ್ತ್ರೀರೋಗ ವಿಭಾಗದ ಪಾಲಿಗೆ ಬರುವ ಅಂಥ ಒಂದು ಅವಧಿಯನ್ನು ಈ ಮೂವರಿಗೆ ಮೀಸಲಿಡಿ. ಥಾಮ್‌ನ ಚಿತ್ರ ನಿಮ್ಮ ಪಾಠದ ಸ್ಲೈಡುಗಳಲ್ಲಿದ್ದರೆ ಅದನ್ನು ಒಂಟಿಯಾಗಿ ತೋರಿಸಬೇಡಿ. ಪಕ್ಕದಲ್ಲಿ ಬ್ರೌಡರ್ ಅವರ ಶಿಲ್ಪವನ್ನಿಟ್ಟು, ಎರಡರಲ್ಲಿ ಯಾರು ನಿಂತಿದ್ದಾರೆ, ಯಾರು ಮಂಡಿಯೂರಿದ್ದಾರೆ, ನೋವು ಎಲ್ಲಿ ಕಾಣುತ್ತದೆ ಎಂದು ವಿದ್ಯಾರ್ಥಿಗಳಿಂದಲೇ ಹೇಳಿಸಿ. ಉಪಕರಣದ ಹೆಸರನ್ನು ಬದಲಿಸಿ ಎಂದು ನಾನು ಈಗ ಕೇಳುತ್ತಿಲ್ಲ. ಪರೀಕ್ಷೆಯ ಭಾಷೆ ಒಂದು ರಾಜ್ಯದಿಂದ ಬದಲಾಗುವುದಿಲ್ಲವೆಂಬುದು ಒಂದು ಕಾರಣ. ಹೆಸರನ್ನು ಅಳಿಸಿದರೆ ಅದರ ಹಿಂದಿನ ಕಥೆಯೂ ಜೊತೆಯಲ್ಲಿ ಅಳಿಸಿಹೋಗಬಹುದೆಂಬ ಭಯ ಇನ್ನೊಂದು. ಮೌಖಿಕ ಪರೀಕ್ಷೆಯಲ್ಲಿ ಈ ಸ್ಪೆಕ್ಯುಲಂ ಗುರುತಿಸಿದ ವಿದ್ಯಾರ್ಥಿಯನ್ನು, ಅದು ಯಾರ ಮೇಲೆ ಮೊದಲು ಬಳಕೆಯಾಯಿತು ಎಂದೂ ಕೇಳಿ. ಪರೀಕ್ಷೆಯಲ್ಲಿ ಕೇಳಿದ್ದನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ.

ಮತ್ತೊಂದು ಕೋರಿಕೆ ಕಲಾಶಾಲೆಗಳಿಗೂ ಸಂಬಂಧಿಸಿದ್ದು. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಸಂಸ್ಥೆಗಳ ವಿದ್ಯಾರ್ಥಿಗಳನ್ನು ನಿಮ್ಮ ಕಾಲೇಜುಗಳಿಗೆ ಕರೆಸಿ. ಮಾಂಟ್‌ಗೊಮರಿಯ ಶಿಲ್ಪದ ನಕಲು ಬೇಡ, ಅದು ಆ ಜನರದು. ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ವೈದ್ಯರಿಗೆ ವೈದ್ಯವನ್ನು ಕಲಿಸಿದ ಹೆಣ್ಣುಮಕ್ಕಳ ಮಾತನ್ನು, ಅವರ ಒಪ್ಪಿಗೆ ಪಡೆದು, ಅವರ ಗುರುತು ಬಹಿರಂಗವಾಗದಂತೆ ಕೇಳಿಸಿಕೊಂಡು, ಈ ಯುವ ಕಲಾವಿದರು ಏನು ರಚಿಸುತ್ತಾರೋ ಅದನ್ನು ಸ್ತ್ರೀರೋಗ ವಿಭಾಗದ ಮೊಗಸಾಲೆಯಲ್ಲಿ ತೂಗುಹಾಕಲು ಜಾಗ ಕೊಡಿ. ಏನು ತೂಗುಹಾಕಬೇಕೆಂಬ ತೀರ್ಮಾನದಲ್ಲಿ ಆ ಹೆಣ್ಣುಮಕ್ಕಳಿಗೂ ಪಾಲಿರಲಿ. ಈಸ್ಟ್ ಹಾರ್ಲೆಮ್‌ನ ಜನ ತಮ್ಮ ಪಾಲನ್ನು ಕೇಳಿ ಪಡೆದ ಹಾಗೆ ಇವರು ಕೇಳುವವರೆಗೆ ಕಾಯಬೇಡಿ.

ಈ ಪಾಠಕ್ಕೆ ಬೇಕಾಗುವ ಚಿತ್ರಗಳನ್ನು ಅನುಮತಿ ಪಡೆದು ಸಂಗ್ರಹಿಸುವ, ಕನ್ನಡದಲ್ಲಿ ಟಿಪ್ಪಣಿ ಬರೆಯುವ ಕೆಲಸವನ್ನು ನಾನು ಮತ್ತು ನನ್ನಂಥ ಕಲಾಶಿಕ್ಷಕರು ಸಂತೋಷದಿಂದ ವಹಿಸಿಕೊಳ್ಳುತ್ತೇವೆ. ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದೂ, ತೀರ್ಮಾನ ಏನೇ ಆಗಿದ್ದರೂ ಅದರ ಕಾರಣಗಳನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಚಿತ್ರಕಲಾ ಶಿಕ್ಷಕಿ